ಫೋಟೊಶಾಪ್ ಮುಚ್ಚಿಕೊಂಡ ಮಾತ್ರಕ್ಕೆ ಗ್ರಾಫಿಕ್ಸ್ ಚಿಪ್ ಹೋಗಿರುವುದಿಲ್ಲ

ಮದುವೆ ಸೀಸನ್ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಸ್ಟುಡಿಯೊಗಳಲ್ಲಿ ಆಲ್ಬಮ್ ಕೆಲಸ ರಾಶಿ ಬಿದ್ದಿರುತ್ತದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಂಗಡಿ ಇಟ್ಟವರಾಗಲಿ, ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯ ಒಂದು ಕೋಣೆಯಲ್ಲೇ ಎಡಿಟಿಂಗ್ ಮಾಡುವವರಾಗಲಿ, ದೂರು ಮಾತ್ರ ಒಂದೇ. ಫೋಟೊಶಾಪ್ ಅಥವಾ ಲೈಟ್‌ರೂಮ್ ಕೆಲಸದ ನಡುವೆ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ. ಇಲ್ಲವೇ ಪರದೆ ಒಂದೆರಡು ಕ್ಷಣ ಕಪ್ಪಾಗಿ ಮರಳಿ ಬರುತ್ತದೆ, ಬರುವಾಗ ಗ್ರಾಫಿಕ್ಸ್ ಪ್ರೊಸೆಸರ್‌ನಲ್ಲಿ ತೊಂದರೆ ಕಂಡಿದೆ ಎಂಬ ಸಂದೇಶ ಹೊತ್ತು ತರುತ್ತದೆ. ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟರೆ ಸಿಗುವ ಉತ್ತರ ಬಹುಮಟ್ಟಿಗೆ ಗೊತ್ತಿರುವಂಥದ್ದೇ: ‘ಚಿಪ್ ಹೋಗಿದೆ, ಬೋರ್ಡ್ ಹಾಕಿಸಬೇಕು.’

ಕೆಲವು ಸಲ ಅದು ನಿಜವೂ ಹೌದು. ಆದರೆ ಚಿಪ್ ಕೊನೆಯ ಶಂಕಿತನಾಗಬೇಕೇ ಹೊರತು ಮೊದಲನೆಯವನಲ್ಲ. ಅದಕ್ಕೂ ಮುಂಚೆ ಡ್ರೈವರ್ (ವಿಂಡೋಸ್‌ಗೂ ಚಿಪ್ಪಿಗೂ ನಡುವೆ ದುಭಾಷಿಯಾಗಿರುವ ತಂತ್ರಾಂಶ), ಮೆಮೊರಿ, ವಿದ್ಯುತ್ತು ಈ ಮೂರನ್ನೂ ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ತಪ್ಪು ಎಲ್ಲಿದೆ ಎನ್ನುವುದನ್ನು ಯಂತ್ರವೇ ಬರೆದಿಟ್ಟುಕೊಂಡಿರುತ್ತದೆ, ಓದುವವರು ಕಡಿಮೆ ಅಷ್ಟೆ.

ಈಗ ಯಾಕೆ ಹೆಚ್ಚಾಗಿದೆ

ಫೋಟೊಶಾಪ್ ಗ್ರಾಫಿಕ್ಸ್ ಚಿಪ್ಪಿನ ನೆರವು ಪಡೆಯತೊಡಗಿದ್ದು 2008ರ ಸಿಎಸ್4 ಆವೃತ್ತಿಯಲ್ಲಿ. ಆಗ ಅದರ ಪಾಲಿಗಿದ್ದದ್ದು ಜೂಮ್ ಮಾಡುವುದು, ಕ್ಯಾನ್‌ವಾಸ್ ತಿರುಗಿಸುವುದು ಇಂಥ ಹಗುರ ಕೆಲಸ. 2012ರ ಸಿಎಸ್6 ಬಂದಾಗ ಲಿಕ್ವಿಫೈನಂಥ ಭಾರದ ಕೆಲಸಗಳೂ ಅದರ ಹೆಗಲೇರಿದವು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಸೇರಿದ ಎಐ ಡಿನಾಯ್ಸ್ (ಫೋಟೊದ ಕಾಳುಕಾಳು ಕಲೆ ಅಳಿಸುವ ಸೌಲಭ್ಯ) ಅಂತೂ ಬಹುಮಟ್ಟಿಗೆ ಗ್ರಾಫಿಕ್ಸ್ ಚಿಪ್ಪನ್ನೇ ನಂಬಿಕೊಂಡಿದೆ. ಒಳ್ಳೆಯ ಚಿಪ್ ಇದ್ದರೆ ಒಂದು ರಾ ಫೈಲು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಹಳೆಯದಾದರೆ ಅದೇ ಫೈಲು ನಿಮಿಷಗಟ್ಟಲೆ ಕೂರಿಸುತ್ತದೆ. ಇಂದಿನ ಫೋಟೊಶಾಪ್‌ಗೆ ಕನಿಷ್ಠ ಬೇಕಾದದ್ದು ಡೈರೆಕ್ಟ್‌ಎಕ್ಸ್ 12 (ಚಿಪ್ಪಿಗೆ ಕೆಲಸ ಹೇಳುವ ವಿಂಡೋಸ್‌ನ ಭಾಷೆ) ಬೆಂಬಲ ಮತ್ತು 1.5 ಜಿಬಿ ಗ್ರಾಫಿಕ್ಸ್ ಮೆಮೊರಿ. 4ಕೆ ಪರದೆಗೆ 4 ಜಿಬಿ ಇರಲಿ ಎನ್ನುತ್ತದೆ ಅದರ ತಯಾರಕ ಕಂಪನಿ ಅಡೋಬಿ.

ಸಾಫ್ಟ್‌ವೇರ್ ಹೀಗೆ ಮುಂದಕ್ಕೆ ಓಡುತ್ತಿದ್ದರೆ ಹಳೆಯ ಚಿಪ್‌ಗಳಿಗೆ ಡ್ರೈವರ್ ಬರೆಯುವವರು ಕೈ ತೊಳೆದುಕೊಳ್ಳುತ್ತಿದ್ದಾರೆ. ಇಂಟೆಲ್ 2022ರಲ್ಲೇ ತನ್ನ ಆರರಿಂದ ಹತ್ತನೇ ತಲೆಮಾರಿನ ಒಳ ಗ್ರಾಫಿಕ್ಸ್ (ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಚಿಪ್) ಬಹುಪಾಲನ್ನು ಹಳೆಯ ಪಟ್ಟಿಗೆ ಸರಿಸಿತು. ಎಚ್‌ಡಿ 620, ಯುಎಚ್‌ಡಿ 620 ಇರುವ ಲ್ಯಾಪ್‌ಟಾಪ್‌ಗಳೆಲ್ಲ ಈ ಸಾಲಿನವು. ನಾಲ್ಕನೇ ತಲೆಮಾರಿನ ಇಂಟೆಲ್ ಚಿಪ್‌ಗಳಲ್ಲಂತೂ ಭದ್ರತೆಯ ಕಾರಣಕ್ಕೆ ಡೈರೆಕ್ಟ್‌ಎಕ್ಸ್ 12 ಅನ್ನು ಡ್ರೈವರ್ ಮೂಲಕವೇ ತೆಗೆದುಹಾಕಲಾಗಿದೆ. ಎನ್‌ವಿಡಿಯಾ ಕೂಡ 2025ರ ಅಕ್ಟೋಬರ್‌ಗೆ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ನಿಯಮಿತ ಡ್ರೈವರ್ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತೆಯ ತೇಪೆ ಮಾತ್ರ ಎಂದು ಘೋಷಿಸಿತು. 940ಎಂಎಕ್ಸ್, ಎಂಎಕ್ಸ್150, ಎಂಎಕ್ಸ್250, ಜಿಟಿಎಕ್ಸ್ 1050 ಎಲ್ಲ ಇದರೊಳಗೇ ಬರುತ್ತವೆ. ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ‘ಎಡಿಟಿಂಗ್‌ಗೆ ಸಾಕು’ ಎಂದು ಮಾರುವುದೂ ಇವನ್ನೇ.

ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಸಿಕೊಂಡವರೂ ಇದ್ದಾರೆ. ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಓಡುತ್ತಿರುವುದು ವಿಂಡೋಸ್ ಅಪ್‌ಡೇಟ್ ತಾನಾಗಿ ಹುಡುಕಿ ತಂದ ಯಾವುದೋ ಡ್ರೈವರ್. ಹೊಸ ಸಾಫ್ಟ್‌ವೇರ್, ಹಳೆಯ ಚಿಪ್, ಹೊಂದದ ಡ್ರೈವರ್ ಮೂರೂ ಒಂದೇ ಯಂತ್ರದಲ್ಲಿ ಕೂಡಿದ ಮೇಲೆ ಕ್ರ್ಯಾಶ್ ಆಗದಿದ್ದರೇ ಅಚ್ಚರಿ.

ಎರಡು ಸೆಕೆಂಡಿನ ಗಡುವು

ಪರದೆ ಕಪ್ಪಾಗಿ ಮರಳುವಾಗ ಒಳಗೆ ಆಗುವುದು ಏನೆಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ವಿಂಡೋಸ್ ವಿಸ್ತಾ ಕಾಲದಿಂದ ಒಂದು ಕಾವಲು ವ್ಯವಸ್ಥೆ ಇದೆ, ಹೆಸರು ಟಿಡಿಆರ್. ಗ್ರಾಫಿಕ್ಸ್ ಚಿಪ್‌ಗೆ ಕೊಟ್ಟ ಕೆಲಸದಿಂದ ಎರಡು ಸೆಕೆಂಡಿನೊಳಗೆ ಉತ್ತರ ಬಾರದಿದ್ದರೆ ಚಿಪ್ ಸ್ತಬ್ಧವಾಗಿದೆ ಎಂದು ವಿಂಡೋಸ್ ತೀರ್ಮಾನಿಸಿ ಡ್ರೈವರನ್ನು ಹೊಸದಾಗಿ ಎಬ್ಬಿಸುತ್ತದೆ. ಆ ಹೊತ್ತಿಗೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಇದ್ದದ್ದೆಲ್ಲ ಹೋಯಿತು. ಬ್ರೌಸರ್‌ನಂಥವು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ದೊಡ್ಡ ಫೈಲು ತೆರೆದು ಕೂತ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಅದು ಅಷ್ಟು ಸುಲಭವಲ್ಲ, ಎಷ್ಟೋ ಸಲ ಮುಚ್ಚಿಕೊಂಡುಬಿಡುತ್ತದೆ. ಒಂದು ನಿಮಿಷದೊಳಗೆ ಹೀಗೆ ಐದಾರು ಸಲ ಆದರೆ, ಅಥವಾ ಡ್ರೈವರ್ ಮರಳಿ ಏಳದಿದ್ದರೆ, ವೀಡಿಯೊ ಟಿಡಿಆರ್ ಫೇಲ್ಯೂರ್ ಎಂದು ಬರೆದ ನೀಲಿ ಪರದೆ ಬರುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಚಿಪ್ ಕೆಟ್ಟರೆ ಮಾತ್ರ ಗಡುವು ಮೀರುತ್ತದೆ ಎಂದೇನಿಲ್ಲ. ದುರ್ಬಲ ಚಿಪ್ ಭಾರದ ಡಿನಾಯ್ಸ್ ಮಾಡುತ್ತಿದ್ದರೆ ನಿಜವಾಗಿಯೂ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕಾಗಬಹುದು. ಕೆಲಸ ಮಾಡುತ್ತಿರುವವನನ್ನೇ ನಿದ್ದೆ ಹೋದನೆಂದು ವಿಂಡೋಸ್ ಎಳೆದುಹಾಕಿದ ಲೆಕ್ಕ ಅದು.

ಯಾವಾಗ ಮುಚ್ಚಿಕೊಂಡಿತು?

ಯಾವುದನ್ನೂ ಬದಲಿಸುವ ಮೊದಲು ಕ್ರ್ಯಾಶ್ ಆಗುವ ಹೊತ್ತನ್ನು ನೋಡಿ. ಸಾಫ್ಟ್‌ವೇರ್ ತೆರೆಯುವಾಗಲೇ, ಫಾಂಟ್‌ಗಳನ್ನು ಓದುತ್ತಿದೆ ಎಂಬ ಹಂತದಲ್ಲಿ ನಿಂತರೆ ಅದು ಗ್ರಾಫಿಕ್ಸ್ ವಿಷಯವೇ ಅಲ್ಲ. ಆಲ್ಬಮ್ ಡಿಸೈನ್ ಮಾಡುವವರ ಯಂತ್ರಗಳಲ್ಲಿ ನುಡಿ, ಬರಹ, ಶ್ರೀಲಿಪಿ ಜೊತೆಗೆ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಹಾರಿಬಂದ ಸಾವಿರಾರು ಫಾಂಟುಗಳು ತುಂಬಿರುತ್ತವೆ. ಅದರಲ್ಲಿ ಕೆಟ್ಟದ್ದೊಂದಿದ್ದರೆ ಸಾಕು. ಕಳೆದ ವಾರ ಹಾಕಿದ ಫಾಂಟುಗಳನ್ನು ಬೇರೆ ಫೋಲ್ಡರ್‌ಗೆ ಸರಿಸಿ ಮತ್ತೆ ತೆರೆದು ನೋಡಬೇಕು. ಕ್ರ್ಯಾಕ್ ಮಾಡಿದ ಪ್ರತಿಗಳದ್ದು ಇನ್ನೊಂದು ಕತೆ. ಅವುಗಳಲ್ಲಿ ತಿದ್ದಿದ ಫೈಲನ್ನು ಆಂಟಿವೈರಸ್ ಎತ್ತಿಹಾಕಿದಾಗಲೂ ಹೀಗೇ ಆಗುತ್ತದೆ. ಅಂಥ ಪ್ರತಿಯಲ್ಲಿ ಗ್ರಾಫಿಕ್ಸ್ ದೋಷ ಹುಡುಕುವುದು ಸಮಯದ ದಂಡ, ಏಕೆಂದರೆ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ.

ಬ್ರಷ್ ಎಳೆದಾಗ, ಜೂಮ್ ಮಾಡಿದಾಗ ಹೋದರೆ ಡ್ರೈವರ್ ಮೇಲೆ ಅನುಮಾನ. ಡಿನಾಯ್ಸ್, ಸೆಲೆಕ್ಟ್ ಸಬ್ಜೆಕ್ಟ್, ಎಕ್ಸ್‌ಪೋರ್ಟ್ ಹೊತ್ತಿಗೆ ಹೋದರೆ ಮೆಮೊರಿ ಅಥವಾ ಗಡುವು. ಟಿವಿಗೋ ಮಾನಿಟರ್‌ಗೋ ಎಚ್‌ಡಿಎಂಐ ಸಿಕ್ಕಿಸಿದಾಗ ಹೋದರೆ ಲ್ಯಾಪ್‌ಟಾಪಿನೊಳಗಿನ ಎರಡು ಗ್ರಾಫಿಕ್ಸ್ ಚಿಪ್‌ಗಳ ನಡುವಿನ ಹೊಂದಾಣಿಕೆ. ಕರೆಂಟು ಹೋದ ಕ್ಷಣಕ್ಕೇ ಹೋದರೆ ಬ್ಯಾಟರಿ, ಅಡಾಪ್ಟರ್. ಲಿಡ್ ಮುಚ್ಚಿ ತೆರೆದ ಮೇಲೆ ಹೋದರೆ ಮತ್ತೆ ಡ್ರೈವರೇ.

ಇನ್ನು ಯಂತ್ರದ ದಿನಚರಿ. ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ದಿನವಾರು ಪಟ್ಟಿಯಲ್ಲಿ ಕೆಂಪು ಗುರುತಿನ ಮೇಲೆ ಒತ್ತಿದರೆ ಯಾವ ಪ್ರೋಗ್ರಾಂ ಬಿತ್ತು, ಅದನ್ನು ಬೀಳಿಸಿದ ಫೈಲು ಯಾವುದು ಎಂಬ ವಿವರವಿರುತ್ತದೆ. ‘ಫಾಲ್ಟಿಂಗ್ ಮಾಡ್ಯೂಲ್’ ಎದುರಿನ ಹೆಸರಿನ ಮೊದಲ ಅಕ್ಷರಗಳನ್ನು ನೋಡಿ. ‘ಎನ್‌ವಿ’ಯಿಂದ ಶುರುವಾದರೆ ಎನ್‌ವಿಡಿಯಾ ಡ್ರೈವರ್, ‘ಐಜಿ’ಯಿಂದಾದರೆ ಇಂಟೆಲ್, ‘ಎಟಿಐ’ ಅಥವಾ ‘ಎಎಂಡಿ’ಯಿಂದಾದರೆ ಎಎಂಡಿ. ಇವು ಯಾವುವೂ ಇಲ್ಲದೆ ಪ್ಲಗಿನ್ (ಫೋಟೊಶಾಪ್‌ಗೆ ಹೊರಗಿನಿಂದ ಸೇರಿಸಿದ ಪೂರಕ ಪ್ರೋಗ್ರಾಂ) ಹೆಸರಿದ್ದರೆ ಆ ಪ್ಲಗಿನ್ ತೆಗೆದು ನೋಡುವುದೇ ಮದ್ದು. ಇದೇ ಪಟ್ಟಿಯಲ್ಲಿ ‘ಹಾರ್ಡ್‌ವೇರ್ ಎರರ್’ ಎಂಬ ಸಾಲೂ, ಅದರೊಳಗೆ ‘ಲೈವ್ ಕರ್ನಲ್ ಈವೆಂಟ್ 141’ ಎಂಬ ಸಂಖ್ಯೆಯೂ ಕಾಣಬಹುದು. ಹೆಸರು ನೋಡಿ ಬೆದರಬೇಡಿ. ಚಿಪ್ ಗಡುವಿನೊಳಗೆ ಉತ್ತರಿಸಲಿಲ್ಲ ಎಂಬುದಷ್ಟೇ ಅದರರ್ಥ, ಕೆಟ್ಟ ಡ್ರೈವರ್‌ನಿಂದಲೂ ಅದು ಬರುತ್ತದೆ. ಬೋರ್ಡ್ ಬದಲಿಸಬೇಕೆನ್ನುವವರು ಕೆಲವೊಮ್ಮೆ ತೋರಿಸುವ ಸಾಕ್ಷಿ ಇದೊಂದೇ ಆಗಿರುತ್ತದೆ. ಈವೆಂಟ್ ವ್ಯೂವರ್‌ನ ‘ಸಿಸ್ಟಮ್’ ಭಾಗದಲ್ಲಿ 4101 ಸಂಖ್ಯೆಯ ನಮೂದಿದ್ದರೆ, ಡ್ರೈವರ್ ಉತ್ತರಿಸದೆ ನಿಂತು ಮತ್ತೆ ಚೇತರಿಸಿಕೊಂಡಿದೆ ಎಂದು ತಿಳಿಯಬೇಕು.

ಎರಡು ಪರೀಕ್ಷೆ, ಅವೂ ಪರೀಕ್ಷೆ ಮಾತ್ರ

ಫೋಟೊಶಾಪ್‌ನಲ್ಲಿ ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್‌ಗೆ ಹೋಗಿ ‘ಯೂಸ್ ಗ್ರಾಫಿಕ್ಸ್ ಪ್ರೊಸೆಸರ್’ ಗುರುತು ತೆಗೆದು ಮುಚ್ಚಿ ತೆರೆಯಿರಿ. ಕ್ಯಾಮೆರಾ ರಾಗೆ ತನ್ನದೇ ಬೇರೆ ಸೆಟ್ಟಿಂಗ್ ಇದೆ, ಅದನ್ನೂ ಆಫ್ ಮಾಡಬೇಕು. ಇದನ್ನು ಮರೆತು ‘ಆಫ್ ಮಾಡಿದರೂ ಕ್ರ್ಯಾಶ್ ಆಗುತ್ತೆ’ ಎನ್ನುವವರೇ ಹೆಚ್ಚು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಆಟೊ ಬದಲು ಆಫ್ ಆರಿಸಿ. ಅರ್ಧ ದಿನ ಅದೇ ಕೆಲಸ ಮಾಡಿ. ಈಗಲೂ ಬಿದ್ದರೆ ಗ್ರಾಫಿಕ್ಸ್ ಬಿಟ್ಟು ರ್ಯಾಮ್, ಡಿಸ್ಕ್, ಪ್ಲಗಿನ್ ಕಡೆ ನೋಡಬೇಕು. ಬೀಳದಿದ್ದರೆ ಗ್ರಾಫಿಕ್ಸ್ ದಾರಿಯಲ್ಲೇ ದೋಷವಿದೆ ಎಂದಾಯಿತು.

ಎಷ್ಟೋ ಮಂದಿ ಇಲ್ಲಿಗೇ ನಿಲ್ಲುತ್ತಾರೆ. ಗುರುತು ತೆಗೆದೇ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಅದು ದೋಷ ತಿಳಿಯುವ ಉಪಾಯವೇ ಹೊರತು ಪರಿಹಾರವಲ್ಲ. ಕ್ಯಾನ್‌ವಾಸ್ ತಿರುಗಿಸುವುದು, ಬರ್ಡ್ಸ್ ಐ ಜೂಮ್, ಕೆಲವು ಫಿಲ್ಟರ್‌ಗಳು ಆಗ ಸಿಗುವುದೇ ಇಲ್ಲ, ಡಿನಾಯ್ಸ್ ಆಮೆ ನಡಿಗೆಗೆ ಇಳಿಯುತ್ತದೆ.

ಎರಡನೆಯದು ಸೆಟ್ಟಿಂಗ್ ಫೈಲು ಅಳಿಸುವುದು. ಫೋಟೊಶಾಪ್ ತೆರೆಯುತ್ತಿದ್ದಂತೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದರೆ ಹಳೆಯ ಸೆಟ್ಟಿಂಗ್ ಅಳಿಸಲೇ ಎಂದು ಕೇಳುತ್ತದೆ. ಲೈಟ್‌ರೂಮ್‌ಗೆ ಆಲ್ಟ್ ಮತ್ತು ಶಿಫ್ಟ್. ಇದಕ್ಕೂ ಮೊದಲು ನಿಮ್ಮ ಆಕ್ಷನ್‌ಗಳನ್ನು (ಒಂದೇ ಒತ್ತಿಗೆ ಓಡುವಂತೆ ದಾಖಲಿಸಿಟ್ಟ ಹಂತಗಳು) ಫೈಲಾಗಿ ಸೇವ್ ಮಾಡಿಟ್ಟುಕೊಳ್ಳಿ. ವರ್ಷಗಳ ಕಾಲ ಕೂಡಿಸಿದ ಆಲ್ಬಮ್ ಆಕ್ಷನ್‌ಗಳು ಒಂದೇ ಒತ್ತಿಗೆ ಮಾಯವಾದರೆ ಕ್ರ್ಯಾಶೇ ವಾಸಿ ಎನಿಸುತ್ತದೆ.

ಡ್ರೈವರ್: ಹೊಸದೆಲ್ಲ ಒಳ್ಳೆಯದಲ್ಲ

ಡ್ರೈವರ್ ಅಪ್‌ಡೇಟ್ ಮಾಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ನಿನ್ನೆಯವರೆಗೆ ಸರಿಯಿತ್ತೇ? ಇದ್ದರೆ ಹಿಂದಿನದಕ್ಕೆ ಮರಳುವುದೇ ಮೊದಲ ಹೆಜ್ಜೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು, ಚಿಪ್‌ನ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಸುಕಾಗಿದ್ದರೆ ಹಿಂದಿನ ಪ್ರತಿ ಉಳಿದಿಲ್ಲ ಎಂದರ್ಥ.

ಹೊಸದಾಗಿ ಹಾಕುವುದೇ ಆದರೆ ಎಲ್ಲಿಂದ? ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ಗೆ ಕೊಟ್ಟಿರುವುದು ಹಳೆಯದಾದರೂ ಆ ಯಂತ್ರಕ್ಕೆ ಹೊಂದಿಸಿದ್ದು, ಮೊದಲು ಅದನ್ನು ಹಾಕಿ. ಅದರಲ್ಲೂ ಬೀಳುತ್ತಿದ್ದರೆ ಚಿಪ್ ತಯಾರಕರದ್ದು. ಎನ್‌ವಿಡಿಯಾದಲ್ಲಿ ಗೇಮ್ ರೆಡಿ, ಸ್ಟುಡಿಯೊ ಎಂದು ಎರಡು ಬಗೆ. ಎಡಿಟಿಂಗ್ ಯಂತ್ರಕ್ಕೆ ಸ್ಟುಡಿಯೊ. ಅದು ಕಡಿಮೆ ಸಲ ಬಿಡುಗಡೆಯಾಗುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್‌ಗಳ ಮೇಲೆ ಹೆಚ್ಚು ಪರೀಕ್ಷೆಯಾಗಿ ಬರುತ್ತದೆ. ಫೈಲು ಏಳೆಂಟು ನೂರು ಎಂಬಿ ಇರುವುದರಿಂದ ಸಿಗ್ನಲ್ ಹೋಗಿ ಬರುವ ಊರಿನವರು ಪೇಟೆಗೆ ಬಂದಾಗ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಸುಲಭ.

ಹಾಕುವಾಗ ‘ಕಸ್ಟಮ್’ ಆರಿಸಿ ‘ಕ್ಲೀನ್ ಇನ್‌ಸ್ಟಲೇಷನ್’ ಗುರುತಿಸಿ. ಇಷ್ಟರಲ್ಲಿ ಬಗೆಹರಿಯದಿದ್ದರೆ ಡಿಡಿಯು ಎಂಬ ಉಚಿತ ಸಾಧನದಿಂದ ಹಳೆಯದನ್ನು ಬೇರು ಸಮೇತ ಕೀಳಬೇಕು. ಕ್ರಮ ಹೀಗೆ. ಹೊಸ ಡ್ರೈವರ್ ಫೈಲು ಡಿಸ್ಕಿನಲ್ಲಿ ಸಿದ್ಧವಿರಲಿ. ವೈಫೈ ಆಫ್ ಮಾಡಿ, ಇಲ್ಲದಿದ್ದರೆ ನಡುವೆಯೇ ವಿಂಡೋಸ್ ತನ್ನ ಡ್ರೈವರ್ ತುರುಕುತ್ತದೆ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಡಿಡಿಯು ಓಡಿಸಿ, ಸಾಮಾನ್ಯ ವಿಂಡೋಸ್‌ಗೆ ಮರಳಿ, ಮೊದಲು ಇಂಟೆಲ್ ಅಥವಾ ಎಎಂಡಿ ಒಳ ಗ್ರಾಫಿಕ್ಸ್ ಡ್ರೈವರ್, ಆಮೇಲೆ ಎನ್‌ವಿಡಿಯಾ. ವಿಂಡೋಸ್ 11ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಎಂಬ ಬೀಗ ತಾನಾಗಿಯೇ ಚಾಲೂ ಆಗಿರುತ್ತದೆ. ಸೇಫ್ ಮೋಡ್‌ಗೆ ಹೋಗುವಾಗ 48 ಅಂಕಿಯ ರಿಕವರಿ ಕೀ ಕೇಳಿದರೆ ಕೈಯಲ್ಲಿರಬೇಕು. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ.

ಗಡುವನ್ನು ಹಿಗ್ಗಿಸುವ ಉಪಾಯವೂ ಇದೆ. ರಿಜಿಸ್ಟ್ರಿಯ (ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ‘GraphicsDrivers’ ಕೀಲಿಯಲ್ಲಿ ‘TdrDelay’ ಹೆಸರಿನ DWORD ನಮೂದು ಸೃಷ್ಟಿಸಿ ದಶಮಾಂಶ ಪದ್ಧತಿಯಲ್ಲಿ 10 ಕೊಟ್ಟು ರೀಸ್ಟಾರ್ಟ್ ಮಾಡಿದರೆ ಎರಡರ ಬದಲು ಹತ್ತು ಸೆಕೆಂಡು ಕಾಯುತ್ತದೆ. ಡಿನಾಯ್ಸ್ ಹೊತ್ತಿಗೆ ಮಾತ್ರ ಬೀಳುವ ಯಂತ್ರಕ್ಕೆ ಇದು ಸರಿಯಾದ ಮದ್ದು. ಬ್ರಷ್ ಎಳೆದಾಗ ಬೀಳುವ ಯಂತ್ರಕ್ಕೆ ಹಾಕಿದರೆ ಕ್ರ್ಯಾಶ್ ಬದಲು ಹತ್ತು ಸೆಕೆಂಡು ಪರದೆ ಹೆಪ್ಪುಗಟ್ಟುವುದಷ್ಟೇ ಲಾಭ.

ಒಂದೇ ಮನೆಯಲ್ಲಿ ಎರಡು ಚಿಪ್

ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಎಂದರೆ ಹೆಚ್ಚಾಗಿ ಎರಡು ಚಿಪ್ ಇದ್ದಂತೆ. ಪ್ರೊಸೆಸರ್ ಒಳಗಿನ ಚಿಕ್ಕದು ಒಂದು, ಬೇರೆ ಕೂತ ದೊಡ್ಡದು ಇನ್ನೊಂದು. ಅನೇಕ ಮಾಡೆಲ್‌ಗಳಲ್ಲಿ ಲ್ಯಾಪ್‌ಟಾಪಿನ ಪರದೆಗೆ ತಂತಿ ಹೋಗಿರುವುದು ಒಳಗಿನ ಚಿಪ್‌ನಿಂದ. ದೊಡ್ಡ ಚಿಪ್ ಚಿತ್ರ ತಯಾರಿಸಿ ಚಿಕ್ಕದರ ಕೈಗೆ ಕೊಡುತ್ತದೆ, ಅದು ಪರದೆಗೆ ಹಾಕುತ್ತದೆ. ಎಚ್‌ಡಿಎಂಐ ಕಿಂಡಿ ಮಾತ್ರ ಕೆಲವು ಮಾಡೆಲ್‌ಗಳಲ್ಲಿ ನೇರ ದೊಡ್ಡ ಚಿಪ್‌ಗೇ ಸೇರಿರುತ್ತದೆ. ಹೀಗಾಗಿ ಫೋಟೊಶಾಪ್ ಕಿಟಕಿಯನ್ನು ಲ್ಯಾಪ್‌ಟಾಪ್ ಪರದೆಯಿಂದ ಹೊರಗಿನ ಮಾನಿಟರ್‌ಗೆ ಎಳೆದಾಗ ಕೆಲಸ ಒಂದು ಚಿಪ್‌ನಿಂದ ಇನ್ನೊಂದಕ್ಕೆ ದಾಟಬೇಕಾಗುತ್ತದೆ. ಎರಡರ ಡ್ರೈವರ್‌ಗಳಿಗೆ ವರ್ಷಗಳ ಅಂತರವಿದ್ದರೆ ಬೀಳುವುದು ಆಗಲೇ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಫಿಸ್‌ಎಕ್ಸ್ ಪುಟದಲ್ಲಿ ಯಾವ ಪರದೆ ಯಾವ ಚಿಪ್‌ಗೆ ಸೇರಿದೆ ಎಂಬ ಚಿತ್ರವಿದೆ.

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಪುಟದಲ್ಲಿ ಫೋಟೊಶಾಪ್ ಸೇರಿಸಿ ‘ಹೈ ಪರ್ಫಾರ್ಮೆನ್ಸ್’ ಕೊಡಿ. ಅದೇ ಫೋಲ್ಡರಿನಲ್ಲಿರುವ ‘ಸ್ನಿಫರ್’ ಹೆಸರಿನ ಪುಟ್ಟ ಪ್ರೋಗ್ರಾಂಗೂ ಅದನ್ನೇ ಕೊಡಬೇಕು. ಚಿಪ್ ಯಾವುದು, ನಂಬಬಹುದೇ ಎಂದು ಫೋಟೊಶಾಪ್‌ಗೆ ವರದಿ ಮಾಡುವುದು ಅದೇ. ಹೆಲ್ಪ್ ಮೆನುವಿನ ‘ಜಿಪಿಯು ಕಂಪ್ಯಾಟಿಬಿಲಿಟಿ’ಯಲ್ಲಿ ಸರಿಯಾದ ಹೆಸರು ಬಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ತದ್ವಿರುದ್ಧ ಪ್ರಯೋಗವೂ ಉಪಯುಕ್ತ. ಡಿವೈಸ್ ಮ್ಯಾನೇಜರ್‌ನಲ್ಲಿ ದೊಡ್ಡ ಚಿಪ್ಪನ್ನು ಡಿಸೇಬಲ್ ಮಾಡಿ ಒಂದು ದಿನ ಒಳಗಿನದರಲ್ಲೇ ಕೆಲಸ ಮಾಡಿ. ನಿಧಾನವಾದರೂ ಒಮ್ಮೆಯೂ ಬೀಳದಿದ್ದರೆ ಅನುಮಾನ ಒಂದೇ ಕಡೆಗೆ ಸರಿಯಿತು.

ಆಲ್ಬಮ್‌ನ ಲೆಕ್ಕ

ಕರಿಜ್ಮಾ ಎಂಬ ಮದುವೆ ಆಲ್ಬಮ್‌ನ ಒಂದು ಹಾಳೆ 12 ಇಂಚು ಎತ್ತರ, 36 ಇಂಚು ಅಗಲ ಎಂದಿಟ್ಟುಕೊಳ್ಳಿ. 300 ಡಿಪಿಐನಲ್ಲಿ 3,600 ಗುಣಿಸು 10,800, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್. ಎಂಟು ಬಿಟ್‌ನಲ್ಲಿ ಪಿಕ್ಸೆಲ್‌ಗೆ ಮೂರು ಬೈಟ್, ಹಿನ್ನೆಲೆಯ ಪದರವೊಂದೇ ಸುಮಾರು 111 ಎಂಬಿ. 16 ಬಿಟ್‌ಗೆ ಬದಲಿಸಿದರೆ ಎರಡರಷ್ಟು. ಅದರ ಮೇಲೆ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಹತ್ತು ಚಿತ್ರ, ಒಂದೊಂದೂ ಬಿಚ್ಚಿದಾಗ 70 ಎಂಬಿ ಹತ್ತಿರ. ಸ್ಮಾರ್ಟ್ ಆಬ್ಜೆಕ್ಟ್ ಆಗಿ ಕೂತದ್ದು ಕಣ್ಣಿಗೆ ಚಿಕ್ಕದಾಗಿ ಕಂಡರೂ ತನ್ನ ಮೂಲ ಗಾತ್ರವನ್ನು ಹೊತ್ತುಕೊಂಡೇ ಇರುತ್ತದೆ. ನೆರಳು, ಗ್ಲೋ, ಮಾಸ್ಕ್, 50 ಹಂತದ ಹಿಸ್ಟರಿ ಸೇರಿದರೆ ಒಂದೇ ಹಾಳೆ ಹಲವು ಜಿಬಿ ನುಂಗುತ್ತದೆ. ಇಂಥ ನಾಲ್ಕು ಹಾಳೆ ಒಟ್ಟಿಗೆ ತೆರೆದಿಟ್ಟು ಕೆಲಸ ಮಾಡುವುದು ಡಿಸೈನರ್‌ಗಳ ರೂಢಿ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಒಳ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಎಂಬುದಿಲ್ಲ. ಅದು ರ್ಯಾಮ್‌ನಿಂದಲೇ, ಹೆಚ್ಚೆಂದರೆ ಅರ್ಧದಷ್ಟು, ಕಡ ತರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ‘ಶೇರ್ಡ್’ ಎಂದು 3.9 ಜಿಬಿ ತೋರಿಸುವುದು ಇದನ್ನೇ. ಫೋಟೊಶಾಪ್ ತನಗೆಂದು ಸಹಜವಾಗಿ ಶೇ. 70 ರ್ಯಾಮ್ ಕೇಳುತ್ತದೆ. ನಿಧಾನವಾಯಿತೆಂದು ಅದನ್ನು ಶೇ. 90ಕ್ಕೆ ಏರಿಸುವುದು ಸ್ಟುಡಿಯೊಗಳಲ್ಲಿ ಮಾಮೂಲಿ. ಆಗ ಗ್ರಾಫಿಕ್ಸ್‌ಗೆ ಉಳಿಯುವುದು ಏನು? ಕಡ ಸಿಗದೆ ಅದು ಕೈಚೆಲ್ಲುತ್ತದೆ, ಬರುವ ಸಂದೇಶದಲ್ಲಿ ಮಾತ್ರ ಗ್ರಾಫಿಕ್ಸ್ ಹೆಸರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಡ್ರೈವರ್ ಬದಲಿಸುತ್ತಾ ಕೂರುತ್ತೇವೆ. ಇಂಥ ಯಂತ್ರದಲ್ಲಿ ಫೋಟೊಶಾಪ್‌ನ ಪಾಲನ್ನು ಇಳಿಸಬೇಕು. ಶೇ. 60ರ ಆಸುಪಾಸಿಗೆ ತಂದು, ಹಿಸ್ಟರಿ 20ಕ್ಕೆ ಇಳಿಸಿ ನೋಡಿ.

ಪೇಜ್ ಫೈಲ್ (ರ್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ಆಫ್ ಮಾಡಿಟ್ಟವರೂ ಉಂಟು, ಎಸ್‌ಎಸ್‌ಡಿ ಸವೆಯುತ್ತದೆ ಎಂಬ ಹಳೆಯ ಸಲಹೆ ನಂಬಿ. ಗ್ರಾಫಿಕ್ಸ್ ಮೆಮೊರಿ ಹಂಚಿಕೆಗೂ ವಿಂಡೋಸ್ ಒಟ್ಟು ಮೆಮೊರಿಯ ಲೆಕ್ಕವನ್ನೇ ನೋಡುವುದರಿಂದ ಪೇಜ್ ಫೈಲ್ ಇಲ್ಲದ 8 ಜಿಬಿ ಯಂತ್ರ ಬೇಗ ಮುಗ್ಗರಿಸುತ್ತದೆ. ಅದನ್ನು ‘ಸಿಸ್ಟಮ್ ಮ್ಯಾನೇಜ್ಡ್’ಗೆ ಬಿಟ್ಟು, ಸಿ ಡ್ರೈವ್‌ನಲ್ಲಿ ಹತ್ತಾರು ಜಿಬಿ ಖಾಲಿ ಇಡಿ. ಒಂದು ರ್ಯಾಮ್ ಕಡ್ಡಿ ಇದ್ದು ಇನ್ನೊಂದು ಕಿಂಡಿ ಖಾಲಿ ಇದ್ದರೆ ಅದೇ ಗಾತ್ರದ, ಅದೇ ವೇಗದ ಇನ್ನೊಂದನ್ನು ಹಾಕಿಸುವುದು ಖರ್ಚು ಮಾಡಬಹುದಾದ ಕಡೆಗಳಲ್ಲೇ ಉತ್ತಮವಾದದ್ದು. ಡಿಡಿಆರ್4 3200 ಒಂಟಿ ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಜೋಡಿಯಾದರೆ 51.2. ಒಳ ಗ್ರಾಫಿಕ್ಸ್ ಬದುಕುವುದೇ ಈ ಸಾಗಾಟದ ಮೇಲೆ.

ಮಳೆ, ಹೊಗೆ, ಕರೆಂಟು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಘಟ್ಟದ ಅಂಚಿನ ಊರುಗಳಲ್ಲಿ ಜುಲೈ, ಆಗಸ್ಟ್‌ನಲ್ಲಿ ಗೋಡೆಯೇ ಬೆವರುತ್ತದೆ. ಆಷಾಢದಲ್ಲಿ ಮದುವೆಯಿಲ್ಲ, ಬಾಕಿ ಆಲ್ಬಮ್ ಮುಗಿದ ಕಡೆ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮುಚ್ಚಿ ಕೂತಿರುತ್ತದೆ. ಕೆಲಸದಲ್ಲಿರುವ ಯಂತ್ರ ತನ್ನ ಬಿಸಿಯಿಂದಲೇ ಒಣಗಿಕೊಳ್ಳುತ್ತದೆ, ಮುಚ್ಚಿಟ್ಟದ್ದು ತೇವ ಹೀರುತ್ತದೆ. ರ್ಯಾಮ್ ಕಡ್ಡಿಯ ಹಲ್ಲುಗಳ ಮೇಲೆ, ಪರದೆಗೆ ಹೋಗುವ ಕೇಬಲಿನ ತುದಿಯಲ್ಲಿ ಕಿಲುಬಿನ ಪೊರೆ ಬರುತ್ತದೆ. ಪರಿಣಾಮವೋ, ಕಾರಣವಿಲ್ಲದಂತೆ ಕಾಣುವ ಕ್ರ್ಯಾಶ್. ರ್ಯಾಮ್ ಬಿಚ್ಚಿ ಶೇ. 99ರ ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಹಲ್ಲು ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಬೇಕು. ರಬ್ಬರ್ ಉಜ್ಜುವ ರೂಢಿಯಿಂದ ಚಿನ್ನದ ಲೇಪ ಸವೆಯುತ್ತದೆ, ಪುಡಿ ಕಿಂಡಿಯಲ್ಲಿ ಉಳಿಯುತ್ತದೆ. ಆಮೇಲೆ ಮೆಮ್‌ಟೆಸ್ಟ್86 ಎಂಬ ರ್ಯಾಮ್ ಪರೀಕ್ಷೆಯ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ಬೇಡ. ಮಳೆಗಾಲದುದ್ದಕ್ಕೂ ಎರಡು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಯಂತ್ರ ಚಾಲೂ ಇಡುವುದು, ಬ್ಯಾಗಿನಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡುವುದು ಸಾಕು. ಅಕ್ಕಿ ಡಬ್ಬಿಯ ವೈದ್ಯ ಬೇಡ.

ಮಳೆ ಮುಗಿದರೆ ಅಡಿಕೆ. ಸುಲಿತದ ಧೂಳು, ಬೇಯಿಸುವ ಒಲೆಯ ಹೊಗೆ ಎರಡೂ ಸೇರಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಜಿಗುಟಾದ ಕಂಬಳಿಯಂತೆ ಕೂರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ, ಹಿಂಬದಿ ಬಿಚ್ಚಿ, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ರೆಕ್ಕೆಯ ಕಡೆಯಿಂದ ಊದಬೇಕು. ಎಚ್‌ಡಬ್ಲ್ಯುಇನ್ಫೊ ಎಂಬ ಪ್ರೋಗ್ರಾಂನಲ್ಲಿ ಉಷ್ಣತೆ ದಾಖಲಿಸಿಕೊಂಡು ಕೆಲಸ ಮಾಡಿ. ಚಿಪ್ 85 ಡಿಗ್ರಿ ದಾಟಿ ನಿಂತರೆ ಮೊದಲು ಆಗುವುದು ಕ್ರ್ಯಾಶ್ ಅಲ್ಲ, ನಿಧಾನ. ಬಿಸಿಯಿಂದಲೇ ಬೀಳುವ ಯಂತ್ರ ಬೀಳುವ ಮುಂಚೆ ತೆವಳುತ್ತದೆ. ತೆವಳದೆ ನೇರ ಬಿದ್ದರೆ ಬಿಸಿಯನ್ನು ದೂರುವುದು ಅಷ್ಟು ಸರಿಯಲ್ಲ.

ವೋಲ್ಟೇಜ್ ಕಡಿಮೆಯಾಯಿತೆಂದು ಲ್ಯಾಪ್‌ಟಾಪ್ ಹೆದರುವುದಿಲ್ಲ, ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಸಹಿಸುತ್ತದೆ. ತೊಂದರೆ ಇರುವುದು ಹೋಗಿ ಬರುವ ಕರೆಂಟಿನಲ್ಲಿ. ಪ್ರತಿ ಸಲ ಬ್ಯಾಟರಿಗೆ ದಾಟುವಾಗ ದೊಡ್ಡ ಚಿಪ್‌ನ ವೇಗ, ವಿದ್ಯುತ್ ಮಟ್ಟ ಬದಲಾಗುತ್ತದೆ, ಹಳೆಯ ಡ್ರೈವರ್‌ಗಳು ಎಡವುವುದು ಅಲ್ಲೇ. ಬ್ಯಾಟರಿ ಸತ್ತಿದ್ದರಂತೂ ಯಂತ್ರವೇ ಆರುತ್ತದೆ. ಇನ್ವರ್ಟರ್ ಇದ್ದರೆ ಯುಪಿಎಸ್ ಮೋಡ್‌ನಲ್ಲಿಡಿ. ಅಡಾಪ್ಟರ್ ಬದಲಿಸಿದ್ದರೆ ಚೀಟಿ ಓದಿ: 19.5 ವೋಲ್ಟ್, 6.15 ಆಂಪ್ ಎಂದರೆ 120 ವಾಟ್. ಅದೇ ವೋಲ್ಟ್, ಅದೇ ಪಿನ್ ಇದ್ದು 3.34 ಆಂಪ್ ಎಂದಿದ್ದರೆ 65 ವಾಟ್ ಮಾತ್ರ. ಎರಡನೆಯದರಿಂದ ಚಾರ್ಜ್ ಆಗುತ್ತದೆ, ಎಕ್ಸ್‌ಪೋರ್ಟ್ ಹೊತ್ತಿಗೆ ಕೈಕೊಡುತ್ತದೆ. ಗುಡುಗು ಶುರುವಾದರೆ ಅಡಾಪ್ಟರ್ ಜೊತೆ ಎಚ್‌ಡಿಎಂಐ, ಲ್ಯಾನ್ ಕೇಬಲ್‌ಗಳನ್ನೂ ಕೀಳಬೇಕು. ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟನ್ನು ಮಳೆಗಾಲದ ಸಂಜೆ, ಸತ್ತ ಬ್ಯಾಟರಿಯ ಯಂತ್ರದಲ್ಲಿ ಮಾಡಬೇಡಿ.

ನಿಜವಾಗಿಯೂ ಚಿಪ್ ಹೋಗಿದ್ದರೆ

ಗುರುತುಗಳು ಬೇರೆಯೇ ಇರುತ್ತವೆ. ವಿಂಡೋಸ್ ಬರುವ ಮೊದಲೇ, ಕಂಪನಿಯ ಲೋಗೊ ಅಥವಾ ಬಯಾಸ್ ಪರದೆಯಲ್ಲೇ ಗೆರೆ, ಚೌಕ, ಬಣ್ಣದ ಚುಕ್ಕಿ. ಹೊರಗಿನ ಮಾನಿಟರ್‌ನಲ್ಲೂ ಅವೇ ಕಂಡರೆ ಲ್ಯಾಪ್‌ಟಾಪ್ ಪರದೆಯದೋ ಕೇಬಲಿನದೋ ತಪ್ಪಲ್ಲ. ಡಿಡಿಯು ಆದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 43, ಅಂದರೆ ತೊಂದರೆ ಕಂಡು ಆ ಚಿಪ್ಪನ್ನು ವಿಂಡೋಸ್ ನಿಲ್ಲಿಸಿದೆ ಎಂಬ ಸೂಚನೆ. ಡ್ರೈವರ್ ಹಾಕಿದ ಕೂಡಲೇ ಕಪ್ಪು ಪರದೆ, ಸೇಫ್ ಮೋಡ್‌ನಲ್ಲಿ ಸರಿ. ಇವುಗಳಲ್ಲಿ ಎರಡು ಜೊತೆಗೆ ಕಂಡರೆ ಚಿಪ್ ಮೇಲಿನ ಅನುಮಾನಕ್ಕೆ ಆಧಾರವಿದೆ.

ಚಿಪ್‌ಗಳು ತಯಾರಿಕೆಯ ದೋಷದಿಂದಲೇ ಸಾಯುವುದೂ ಹೊಸತಲ್ಲ. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ದೋಷವನ್ನು ಒಪ್ಪಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಆಪಲ್ 2015ರಲ್ಲಿ 2011ರಿಂದ 2013ರ ನಡುವಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ವೀಡಿಯೊ ದೋಷಕ್ಕೆ ಉಚಿತ ರಿಪೇರಿ ಘೋಷಿಸಿತು. ಅಂಥ ಚಿಪ್ಪನ್ನು ಬಿಸಿಗಾಳಿಯಿಂದ ಕಾಯಿಸಿ ಎಬ್ಬಿಸುವ ವಿದ್ಯೆ ಆಗಿನಿಂದ ಹಬ್ಬಿದ್ದು. ಕಾಯಿಸಿದ್ದು ಏಳುತ್ತದೆ, ಆದರೆ ಬೇಗನೆ ಮತ್ತೆ ಮಲಗುತ್ತದೆ. ಒಳಗಿನ ಬಿರುಕು ಬೆಸೆದಿರುವುದಿಲ್ಲ, ತಾತ್ಕಾಲಿಕವಾಗಿ ತಾಗಿರುತ್ತದೆ ಅಷ್ಟೆ. ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ಕಾಯಿಸುತ್ತೀರೋ, ಹೊಸ ಚಿಪ್ ಕೂರಿಸುತ್ತೀರೋ, ಬೋರ್ಡ್ ಪೂರ್ತಿ ಬದಲೋ? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಯಂತ್ರ ಕೊಡುವ ಮೊದಲು ಎಸ್‌ಎಸ್‌ಡಿ ಬಿಚ್ಚಿಟ್ಟುಕೊಳ್ಳಿ, ಗ್ರಾಹಕರ ಮದುವೆ ಫೋಟೊಗಳು ಅದರಲ್ಲಿರುತ್ತವೆ.

ಹಳೆಯ ಲ್ಯಾಪ್‌ಟಾಪ್‌ಗೆ ಬೋರ್ಡ್ ಹಾಕಿಸುವುದು ಸಾಮಾನ್ಯವಾಗಿ ಲಾಭದ ಮಾತಲ್ಲ. ಕೆಲವು ಮಾಡೆಲ್‌ಗಳ ಬಯಾಸ್‌ನಲ್ಲಿ ದೊಡ್ಡ ಚಿಪ್ಪನ್ನು ಶಾಶ್ವತವಾಗಿ ಆಫ್ ಮಾಡುವ ಅವಕಾಶವಿದೆ, ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿಟ್ಟರೂ ನಡೆಯುತ್ತದೆ. ಒಳ ಗ್ರಾಫಿಕ್ಸ್‌ನಲ್ಲೇ ಫೋಟೊ ಆರಿಸುವುದು, ಸ್ಟಾರ್ ಕೊಡುವುದು, ಕಾರ್ಡಿನಿಂದ ಕಾಪಿ ಮಾಡಿ ಬ್ಯಾಕಪ್ ಇಡುವುದು, ಪಾಸ್‌ಪೋರ್ಟ್ ಫೋಟೊ ಕತ್ತರಿಸಿ ಪ್ರಿಂಟಿಗೆ ಕಳಿಸುವುದು ಎಲ್ಲ ಸಲೀಸು. ಡಿನಾಯ್ಸ್ ಮತ್ತು ದೊಡ್ಡ ಹಾಳೆಗಳಿಗೆ ಮಾತ್ರ ಬೇರೆ ಯಂತ್ರ ಬೇಕು.